ಓಡದ ಓಟಗಳು

ನನ್ನ ಬಲಗೈಯ ಬಗ್ಗೆ ನಮ್ಮೂರಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳು. ಹುಣಸೆಮರದ ಬುಡದಿಂದ ಎಸೆದ ಬಾಲು ಸ್ಟಂಪನ್ನು ಎರಡು ಸೀಳು ಮಾಡಿತು, ಒಂದು ಸೀಳು ಹಾರಿಹೋಗಿ ಬಾವಿಗೆ ಬಿತ್ತು ಅನ್ನುತ್ತಾರಲ್ಲ, ಅದು ಸುಳ್ಳು. ಸ್ಟಂಪು ಮೊದಲೇ ಬಿರುಕು ಬಿಟ್ಟಿತ್ತು. ಬಾವಿ ಇರುವುದು ಇನ್ನೊಂದು ದಿಕ್ಕಿನಲ್ಲಿ. ಆದರೆ ನಮ್ಮ ಎದುರಾಳಿ ಮೂಡೋಣಿಯ ಕ್ಯಾಪ್ಟನ್ ರುಕ್ಮಿಣಮ್ಮ ಎರಡನೇ ರನ್ನಿಗೆ ಓಡಿ ಔಟಾದದ್ದು ನಿಜ, ಔಟಾಗಿ ಪಿಚ್ಚಿನ ಮೇಲೇ ಕೂತು ಅತ್ತದ್ದೂ ನಿಜ. ಅದಾಗಿ ಐದು ವರ್ಷ. ಆಮೇಲೆ ನನ್ನ ಕಡೆ ಬಂದ ಬಾಲಿಗೆ ಮೂಡೋಣಿಯ ಯಾವ ಹೆಂಗಸೂ ಎರಡನೇ ರನ್ನು ಓಡಿಲ್ಲ. ಈ ಕಥೆಯನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಿಗೆ ಬಿಟ್ಟರೆ ಇನ್ನೆರಡು ಬಾವಿ ತೋಡುತ್ತಾರೆ.

ನಮ್ಮೂರಿನ ನಡುವೆ ಒಂಬತ್ತು ಹೆಂಚಿನ ಭಟ್ಟಿಗಳಿವೆ. ಭಟ್ಟಿಗಳ ಈಚೆಗೆ ನಮ್ಮ ಪಡುವೋಣಿ, ಆಚೆಗೆ ಮೂಡೋಣಿ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಎರಡು ಓಣಿಯ ಹೆಂಗಸರ ಮ್ಯಾಚು ನಡೆಯುತ್ತದೆ. ಯಾವ ಓಣಿ ಸೋಲುತ್ತದೋ, ಅವತ್ತು ಸಂಜೆ ಗಾಳಿ ಆ ಕಡೆಗೆ ತಿರುಗಿ ಮುಂದಿನ ಹೊಸತೊಡಕಿನವರೆಗೂ ಆ ಕಡೆಗೇ ಬೀಸುತ್ತದೆ. ಒಂಬತ್ತು ಭಟ್ಟಿಯ ಹೊಗೆಯೂ ಸೋತವರ ಪಾಲು. ಸ್ಕೋರು ಸಮವಾದರೆ ಗಾಳಿ ಮಗ್ಗುಲು ಬದಲಿಸಿ, ಹಿಂದಿನ ವರ್ಷ ಗೆದ್ದವರ ಕಡೆಗೆ ಬೀಸುತ್ತದೆ. ನಮ್ಮತ್ತೆಯ ಕಾಲದಲ್ಲಿ ಒಮ್ಮೆ ಹಾಗಾಗಿತ್ತಂತೆ. ಇದನ್ನು ಕೇಳಿದರೆ ಹೊರಗಿನವರು ಕಣ್ಣು ಕಣ್ಣು ಬಿಡುತ್ತಾರೆ. ನಮಗೆ ಅದಕ್ಕೆಲ್ಲ ಪುರಸೊತ್ತಿಲ್ಲ. ಸೋತ ವರ್ಷ ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲಲ್ಲೇ ಓಡಾಡಬೇಕು, ಬಟ್ಟೆಯನ್ನು ಒಳಮನೆಯಲ್ಲಿ ಒಣಗಿಸಬೇಕು, ಹಾಲಿನ ಪಾತ್ರೆಗೆ ಎರಡೆರಡು ತಟ್ಟೆ ಮುಚ್ಚಬೇಕು. ನಾವು ಸತತ ಮೂರು ವರ್ಷ ಸೋತಿದ್ದೆವು. ನಮ್ಮ ಓಣಿಯಲ್ಲಿ ಬಿಳಿ ಕೋಳಿಯೂ ಇರುತ್ತದೆ ಅನ್ನುವುದೇ ಮರೆತುಹೋಗಿತ್ತು.

ಹಾಲು, ಬಟ್ಟೆ, ಕೋಳಿ ಇವೆಲ್ಲ ಹಾಳಾಗಿ ಹೋಗಲಿ. ಸೋತ ಓಣಿಯವರು ಹತ್ತು ವರ್ಷದೊಳಗಿನ ಮಕ್ಕಳನ್ನು ಗಾಳಿ ತಿರುಗುವ ಮೊದಲೇ ಗೆದ್ದ ಓಣಿಗೆ ದಾಟಿಸಬೇಕು. ಪ್ರತಿ ಮನೆಗೂ ಆಚೆ ಓಣಿಯಲ್ಲಿ ಒಂದು ಜೋಡಿಮನೆ ಇರುತ್ತದೆ. ಮಗು ಅಲ್ಲಿ ಉಣ್ಣುತ್ತದೆ, ಅಲ್ಲಿ ಮಲಗುತ್ತದೆ. ಕೆಲವರು ಏನೋ ನೆಪ ಹೇಳಿ ಮಕ್ಕಳನ್ನು ಇಟ್ಟುಕೊಳ್ಳುವುದೂ ಉಂಟು. ನನಗೆ ಆ ದಾರಿ ಇರಲಿಲ್ಲ. ನನ್ನ ಮಗಳು ತುಂಗಿಗೆ ಹುಟ್ಟಿದಾಗಿನಿಂದ ಉಬ್ಬಸ. ಎರಡೂವರೆ ವರ್ಷದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಭಟ್ಟಿಯ ರಸ್ತೆ ದಾಟಿ ನಮ್ಮ ಜೋಡಿಮನೆಯ ಹೊಂಬಾಳಕ್ಕನ ಕೈಗೆ ಕೊಟ್ಟು ಬಂದೆ. ಒಂದು ವರ್ಷ ಅಂದುಕೊಂಡಿದ್ದೆ. ಮೂರಾಯಿತು.

ಹೊಂಬಾಳಕ್ಕ ಮೂಳೆ ಕೂಡಿಸುವವಳು. ಅವಳ ಅತ್ತೆಯಿಂದ ಕಲಿತ ವಿದ್ಯೆ. ಎರಡು ಓಣಿಯಲ್ಲೂ ಕೈ ಮುರಿದರೆ, ಕಾಲು ಉಳುಕಿದರೆ ಅವಳ ಮನೆಗೇ ಹೋಗಬೇಕು. ಗಂಡ ಇಲ್ಲ, ಮಕ್ಕಳಿಲ್ಲ. ತುಂಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ಇಲ್ಲ ಅನ್ನಲಾರೆ. ಸೋಮವಾರ ಭಟ್ಟಿಗಳಿಗೆ ರಜೆ, ಅವತ್ತು ತಾಯಂದಿರು ಹೋಗಿ ಮಕ್ಕಳನ್ನು ನೋಡಬಹುದು. ನಮ್ಮ ಸೀರೆಯ ತುಂಬ ಹೊಗೆಯ ವಾಸನೆ ಇರುತ್ತದೆಂದು ಜೋಡಿಮನೆಯವರು ಬಾಗಿಲ ಪಕ್ಕದ ಗೂಟದ ಮೇಲೆ ಒಗೆದ ಸೀರೆ ಹಾಕಿಟ್ಟಿರುತ್ತಾರೆ. ಅದನ್ನುಟ್ಟು ಒಳಗೆ ಹೋಗಬೇಕು. ಹೊಂಬಾಳಕ್ಕ ನನಗೆಂದು ಹಸಿರು ಅಂಚಿನ ಹತ್ತಿ ಸೀರೆ ಇಟ್ಟಿದ್ದಳು. ಮೂರು ವರ್ಷ ಪ್ರತಿ ಸೋಮವಾರ ಅದನ್ನುಟ್ಟು ನನ್ನ ಮಗಳನ್ನು ಎತ್ತಿಕೊಂಡಿದ್ದೇನೆ.

ಹೋದ ದೀಪಾವಳಿಯ ಹೊತ್ತಿಗೆ ಒಂದು ದಿನ ತುಂಗಿ ಅಂಗಳದಲ್ಲಿ ಆಡುತ್ತಿದ್ದವಳು ನನ್ನನ್ನು ಕಂಡು ಒಳಗೆ ಓಡಿದಳು. "ಅಮ್ಮಾ, ಸೋಮಾರದಮ್ಮ ಬಂತು!" ಎಂದು ಕೂಗಿದಳು. ಒಳಗಿದ್ದ ಅಮ್ಮ ಹೊಂಬಾಳಕ್ಕ. ಸೋಮವಾರದ ಅಮ್ಮ ನಾನು. ಹೊಂಬಾಳಕ್ಕ ಈಚೆ ಬಂದು, "ಹಂಗೆಲ್ಲ ಅನ್ಬಾರ್ದು ಮಗಾ," ಎಂದಳು. ಅವಳ ಮುಖದಲ್ಲಿ ಸಂತೋಷ ಇತ್ತು. ಅವಳು ಮುಚ್ಚಿಡಲು ನೋಡಿದಳು, ಆಗಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಅವತ್ತೇ ನಿಶ್ಚಯ ಮಾಡಿದೆ: ಈ ಸಲ ಗೆಲ್ಲದೆ ಹೋದರೆ ಮಗಳು ನನ್ನವಳಾಗಿ ಉಳಿಯುವುದಿಲ್ಲ.

ಹಾಗೆ ನಿಶ್ಚಯ ಮಾಡಿದ ಎರಡು ತಿಂಗಳಿಗೆ ಕೈ ಹೋಯಿತು. ನಾನು, ನನ್ನ ಗಂಡ ಲಿಂಗರಾಜು ಮನೆಗಳಿಗೆ ಹೆಂಚು ಹೊದಿಸುವವರು. ನಾನು ಕೆಳಗೆ ನಿಂತು ಹೆಂಚು ಎಸೆಯುತ್ತೇನೆ, ಅವರು ಸೂರಿನ ಮೇಲೆ ಕೂತು ಹಿಡಿಯುತ್ತಾರೆ. ಹದಿನೈದು ವರ್ಷ ಆ ಕೆಲಸ ಮಾಡಿದ ಕೈ ಅದು. ಮಾಳಿಗೆ ಮನೆಯೊಂದಕ್ಕೆ ಎಸೆಯುವಾಗ ಭುಜದೊಳಗೆ ಏನೋ ಲಟಕ್ಕೆಂದಿತು. ಹೆಂಚು ಸೂರಿನವರೆಗೂ ಹೋಗದೆ ನನ್ನ ಕಾಲ ಬಳಿಯೇ ಬಿದ್ದು ಒಡೆಯಿತು. ಲಿಂಗರಾಜು ಮೇಲಿಂದ ಬಗ್ಗಿ ನೋಡಿದರು. "ಕೈ ಜಾರ್ತಾ?" ಎಂದರು. ನಾನು ತಲೆಯಾಡಿಸಿದೆ. ಕೈ ಎತ್ತಲು ಹೋದರೆ ಬರಲಿಲ್ಲ. ಅವರು ಇಳಿದು ಬಂದು ನನ್ನ ಮುಖ ನೋಡಿ, ಉಳಿದ ಹೆಂಚನ್ನೆಲ್ಲ ತಾವೇ ಹೊತ್ತು ಮೇಲೆ ಹಾಕಿದರು.

ನಮ್ಮ ಕ್ಯಾಪ್ಟನ್, ಕೀಪರ್ ಎರಡೂ ಪಂಕಜಕ್ಕ. ಅವಳಿಗೆ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ನನ್ನ ಕೈಯ ಲೆಕ್ಕ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊದಮೊದಲು ಓಣಿಯವರು ನನ್ನನ್ನು ಕುರಿತು, "ದೇವೀರಿ ಮ್ಯಾಚಿಗೆಲ್ಲ ಒಂದೋ ಎರಡೋ ಸಲ ಎಸೀತಾಳೆ, ಬ್ಯಾಟ್ ಹಿಡಿಯೋಕೆ ಬರಲ್ಲ, ಅವಳ್ಯಾಕೆ ಟೀಮಿಗೆ?" ಎಂದು ಮೂಗು ಮುರಿಯುತ್ತಿದ್ದರು. ಪಂಕಜಕ್ಕ ಒಂದು ವರ್ಷ ಸೆರಗಿನ ತುದಿಯಲ್ಲಿ ಹುಣಸೆಬೀಜ ಕಟ್ಟಿಕೊಂಡು ಆಡಿದಳು. ನನ್ನ ಕಡೆ ಬಾಲು ಬಂದು, ಎರಡನೇ ರನ್ನಿಗೆ ಜಾಗ ಇದ್ದೂ ಅವರು ಓಡದೆ ನಿಂತಾಗಲೆಲ್ಲ ಒಂದು ಬೀಜ. ಮ್ಯಾಚು ಮುಗಿದ ಮೇಲೆ ಸೆರಗು ಬಿಚ್ಚಿ ಎಲ್ಲರ ಮುಂದೆ ಸುರಿದಳು. ಹತ್ತೊಂಬತ್ತು ಬೀಜ. "ಅವಳು ಎಸೆದಿದ್ದನ್ನ ಎಣಿಸ್ಬೇಡ್ರೇ. ಅವರು ಓಡದೇ ಇದ್ದಿದ್ದನ್ನ ಎಣಿಸಿ!" ಎಂದಳು. ಆಮೇಲೆ ಯಾರೂ ಬಾಯಿ ತೆಗೆಯಲಿಲ್ಲ. ಈಗ ಕೈ ಹೋಯಿತೆಂದು ಅವಳಿಗೆ ಹೇಳಿದರೆ ಅವಳು ನನ್ನನ್ನು ಆ ಜಾಗದಿಂದ ತೆಗೆಯಬೇಕು. ತೆಗೆದರೆ ಮೂಡೋಣಿಗೆ ಗೊತ್ತಾಗುತ್ತದೆ. ಹತ್ತೊಂಬತ್ತು ಬೀಜವೂ ರನ್ನಾಗುತ್ತದೆ. ನಾನು ಸುಮ್ಮನಿದ್ದೆ. ಪ್ರಾಕ್ಟೀಸಿಗೆ ಕರೆದರೆ, "ಕೈ ಉಳಿಸ್ಕೋತಾ ಇದ್ದೀನಿ ಅಕ್ಕ," ಎಂದು ಬಿಗುಮಾನ ಮಾಡಿದೆ.

ನೋವು ತಡೆಯಲಾರದೆ ಒಂದು ಸೋಮವಾರ ಹೊಂಬಾಳಕ್ಕನಿಗೆ ತೋರಿಸಿದೆ. ಇನ್ನಾರಿಗೆ ತೋರಿಸಲಿ? ಊರಿಗೆಲ್ಲ ಇರುವವಳು ಅವಳೊಬ್ಬಳೇ. ತುಂಗಿ ಮೂಲೆಯಲ್ಲಿ ಮುರಿದ ಮೂಳೆಗೆ ಕಟ್ಟುವ ಬಿದಿರುದಬ್ಬೆಗಳನ್ನು ಜೋಡಿಸಿಕೊಂಡು ಆಡುತ್ತಿದ್ದಳು. ಹೊಂಬಾಳಕ್ಕ ಎಣ್ಣೆ ಹಚ್ಚಿ, ಹೆಬ್ಬೆರಳನ್ನು ಭುಜದ ಹಿಂದೆ ಒಂದು ಕಡೆ ಒತ್ತಿದಳು. ನಾನು ಕಿರುಚದಂತೆ ಸೆರಗು ಕಚ್ಚಿಕೊಂಡೆ. ಅವಳು ಬಹಳ ಹೊತ್ತು ಒತ್ತಿ ನೋಡಿದಳು.

"ಕೀಲು ಕೂರಿಸಬಹುದು," ಎಂದಳು. "ಒಳಗೆ ಹರಿದಿರೋದನ್ನ ನಾನು ಹೊಲಿಯೋಕಾಗಲ್ಲ. ಈ ಕೈ ತುತ್ತು ಎತ್ತುತ್ತೆ, ಸಣ್ಣ ಕೊಡ ಎತ್ತುತ್ತೆ. ಬಾಲು ಎಸೆಯೋದು ಮುಗೀತು ದೇವೀರಿ."

ನಾನು ಅತ್ತೆ. ಅಳು ನಿಂತ ಮೇಲೆ ಕೇಳಿದೆ: "ಅಕ್ಕ, ಯಾರಿಗೂ ಹೇಳಲ್ಲ ತಾನೇ?"

ಅವಳ ಮುಖ ಗಂಟಿಕ್ಕಿತು. ಎದ್ದು ಹೋಗಿ ಕೈ ತೊಳೆದು, ಒರೆಸಿಕೊಳ್ಳುತ್ತಾ ಬಂದಳು. "ಈ ಸಲ ನಾನೂ ಆಡ್ತಾ ಇದ್ದೀನಿ. ಗೊತ್ತು ತಾನೇ ನಿಂಗೆ?" ಎಂದಳು. ಅಷ್ಟೇ. ಹೇಳುತ್ತೇನೆ ಎಂದೂ ಅನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಬಾಗಿಲ ಬಳಿ ಸೀರೆ ಬದಲಿಸುವಾಗ ತುಂಗಿ ಅವಳ ಕಾಲಿಗೆ ಒರಗಿ ನಿಂತಿತ್ತು. ಅವಳ ಕೈ ತುಂಗಿಯ ತಲೆಯ ಮೇಲಿತ್ತು.

ಅಲ್ಲಿಂದ ಹೊಸತೊಡಕಿನವರೆಗೆ ನನಗೆ ನಿದ್ದೆ ಇಲ್ಲ. ಮೂಡೋಣಿಯ ಹೆಂಗಸರು ಸಂತೆಯಲ್ಲಿ ಸಿಕ್ಕಿ ನಕ್ಕರೆ, ಗೊತ್ತಾಗಿಬಿಟ್ಟಿದೆ ಅನ್ನಿಸುತ್ತಿತ್ತು. ನಗದಿದ್ದರೆ, ಗೊತ್ತಾಗಿಯೇ ನಗುತ್ತಿಲ್ಲ ಅನ್ನಿಸುತ್ತಿತ್ತು. ಹೊಂಬಾಳಕ್ಕ ಹೇಳದೆ ಇರಲು ಕಾರಣವೇ ನನಗೆ ಕಾಣಲಿಲ್ಲ. ಅವಳ ಓಣಿ ಗೆದ್ದರೆ ತುಂಗಿ ಅವಳ ಬಳಿಯೇ ಉಳಿಯುತ್ತಾಳೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಓಣಿಯಲ್ಲೆಲ್ಲ ಸಾರಿಕೊಂಡು ಬರುತ್ತಿದ್ದೆ, ದೇವರಾಣೆ.

ಈ ಸಲ ಹೊಸತೊಡಕು ಮಂಗಳವಾರ ಬಂತು. ನಾವು ಮೊದಲು ಬ್ಯಾಟ್ ಮಾಡಿ ಇಪ್ಪತ್ತು ಓವರಿಗೆ ಎಂಬತ್ತೇಳು ಹೊಡೆದೆವು. ನನ್ನದು ಅದರಲ್ಲಿ ಸೊನ್ನೆ. ಮೂಡೋಣಿಯವರು ಗೆಲ್ಲಲು ಎಂಬತ್ತೆಂಟು ಬೇಕು. ಪಂಕಜಕ್ಕ ಮಡಿಲಿಗೆ ಹುಣಸೆಬೀಜ ತುಂಬಿಕೊಂಡು ಸ್ಟಂಪಿನ ಹಿಂದೆ ಹೋಗಿ ನಿಂತಳು. ನಾನು ನನ್ನ ಹುಣಸೆಮರದ ಗೆರೆಗೆ ಹೋದೆ. ಆಚೆ ಬದಿಯಲ್ಲಿ ಮೂಡೋಣಿಯ ಮಕ್ಕಳೂ ದಾಟಿಹೋಗಿದ್ದ ನಮ್ಮ ಮಕ್ಕಳೂ ಒಟ್ಟಿಗೇ ಕೂತಿದ್ದರು. ತುಂಗಿ ಹಳದಿ ಲಂಗ ಹಾಕಿತ್ತು.

ಎರಡನೇ ಓವರಿನಲ್ಲೇ ಬಾಲು ನನ್ನ ಕಡೆ ಬಂತು. ಓಡಿಹೋಗಿ ಬಾಲು ಎತ್ತಿ, ಹಲ್ಲು ಕಚ್ಚಿ, ಬಲಗೈಯನ್ನು ಹಳೆಯ ಹಾಗೆಯೇ ತಲೆಯ ಮೇಲಕ್ಕೆ ಎತ್ತಿ ಹಿಂದಕ್ಕೆ ಎಳೆದು ನಿಂತೆ. ಭುಜದೊಳಗೆ ಬೆಂಕಿ ಇಟ್ಟ ಹಾಗಾಯಿತು. ಓಡಲು ಎರಡು ಹೆಜ್ಜೆ ಇಟ್ಟಿದ್ದ ಹುಡುಗಿ ಗಕ್ಕನೆ ನಿಂತು, ತಿರುಗಿ ಹೋಗಿ ಗೆರೆಯೊಳಗೆ ಬ್ಯಾಟ್ ಊರಿದಳು. ನಾನು ಕೈ ಇಳಿಸಿ, ಬಾಲನ್ನು ಎಡಗೈಗೆ ಹಾಕಿಕೊಂಡು, ಹತ್ತಿರದವಳಿಗೆ ಕೆಳಗಿನಿಂದ ಕೊಟ್ಟೆ. ಪಂಕಜಕ್ಕ ಒಂದು ಬೀಜ ಸೆರಗಿನ ಗಂಟಿಗೆ ಹಾಕಿದಳು.

ಹೊಂಬಾಳಕ್ಕ ಹೇಳಿಲ್ಲ. ಅಥವಾ ಇನ್ನೂ ಹೇಳಿಲ್ಲ.

ಹಾಗೆಯೇ ನಡೆಯಿತು. ಎತ್ತುವುದು, ನಿಲ್ಲುವುದು, ಇಳಿಸುವುದು. ಒಂದೊಂದು ಸಲವೂ ಕೈ ಒಂದೊಂದು ಬೆರಳಿನಷ್ಟು ಕಡಿಮೆ ಏಳುತ್ತಿತ್ತು. ಒಮ್ಮೆ ರುಕ್ಮಿಣಮ್ಮನೇ ಅರ್ಧ ಪಿಚ್ಚಿನವರೆಗೆ ಓಡಿ ಬಂದಳು. ಏನು ಮಾಡುವುದೆಂದು ತೋಚದೆ, "ಬಾರಮ್ಮಾ, ಬಾ! ಈ ಸಲ ಬಾವಿಗೇ ಹಾಕ್ತೀನಿ!" ಎಂದು ಅರಚಿದೆ. ಊರೆಲ್ಲ ನಕ್ಕಿತು. ರುಕ್ಮಿಣಮ್ಮ ಕೆಂಪಗಾಗಿ ತಿರುಗಿ ಓಡಿದಳು. ನನ್ನ ರವಿಕೆ ಬೆವರಲ್ಲಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಹತ್ತು ಓವರಾದ ಮೇಲೆ ಪಾನಕಕ್ಕೆ ಬಿಟ್ಟರು. ಪಂಕಜಕ್ಕ ಲೋಟ ಹಿಡಿದು ನನ್ನ ಹತ್ತಿರ ಬಂದಳು. "ಏನೇ ಇದು, ನನ್ನ ಕೈಗೆ ಒಂದು ಬಾಲೂ ಬರ್ತಿಲ್ಲ. ಎಲ್ಲಾ ನಡುವೆ ನಿಂತೋರಿಗೆ ಕೊಡ್ತಿದ್ದೀಯ?"

"ಅವರು ಓಡ್ತಾನೇ ಇಲ್ಲವಲ್ಲ ಅಕ್ಕ. ಸುಮ್ನೆ ಯಾಕೆ ಎಸೀಲಿ?"

ಅವಳು ನನ್ನ ಭುಜವನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಪಾನಕ ಕುಡಿ," ಎಂದಳು. ನಾನು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡೆ.

ಆಗ ಕಂಡಿತು. ಆಚೆ ಬದಿಯಲ್ಲಿ ರುಕ್ಮಿಣಮ್ಮ ಮಕ್ಕಳ ಗುಂಪಿಗೆ ಹೋಗಿ ತುಂಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಡಲೆಮಿಠಾಯಿಯ ತುಂಡೊಂದನ್ನು ಮಗುವಿನ ಕೈಗಿಟ್ಟು ಏನೋ ಕೇಳುತ್ತಿದ್ದಳು. ಕೇಳುತ್ತಾ ತನ್ನ ಬಲಗೈಯನ್ನು ಮೇಲಕ್ಕೆ ಎತ್ತಿ ತೋರಿಸಿದಳು. ಅಷ್ಟು ದೂರಕ್ಕೆ ಮಾತು ಕೇಳಿಸಲಿಲ್ಲ. ತುಂಗಿ ಮಿಠಾಯಿ ಕಚ್ಚಿ, ಅಗಿದು, ತಲೆಯನ್ನು ಅತ್ತ ಇತ್ತ ಆಡಿಸಿತು. ರುಕ್ಮಿಣಮ್ಮ ಎದ್ದು ಹೋದಳು. ಮಗುವಿಗೆ ಏನು ಗೊತ್ತಿರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ನಾನು ಭುಜ ತೋರಿಸಿದ ದಿನ ಅದು ಆಡಿಕೊಂಡಿತ್ತು, ನೋಡಿರಲಿಲ್ಲ.

ಹದಿನೇಳನೇ ಓವರಿಗೆ ಹೊಂಬಾಳಕ್ಕ ಬ್ಯಾಟ್ ಹಿಡಿದು ಬಂದಳು. ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿದ್ದಳು. ಅವಳಾಡುವುದು ಚೆಂದವೇನಲ್ಲ, ಆದರೆ ಬಡಪೆಟ್ಟಿಗೆ ಔಟಾಗುವವಳಲ್ಲ. ಬರುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅವಳ ಜೊತೆಗಿದ್ದವಳು ಶೈಲ, ಹೋದ ವರ್ಷ ಮೂಡೋಣಿಗೆ ಮದುವೆಯಾಗಿ ಬಂದ ಹುಡುಗಿ. ಬಾವಿಗೆ ಬಿದ್ದ ಸ್ಟಂಪಿನ ಕಥೆಯನ್ನು ಕೇಳಿದ್ದಳೇ ಹೊರತು ನಾನು ಎಸೆದದ್ದನ್ನು ಒಂದು ಸಲವೂ ನೋಡಿದವಳಲ್ಲ.

ಕೊನೆಯ ಓವರಿಗೆ ಅವರಿಗೆ ಎಂಟು ಬೇಕಿತ್ತು. ಬಾಲು ಹಾಕಿದವಳು ನಮ್ಮ ಪ್ರೇಮ. ಹೊಂಬಾಳಕ್ಕ ಒಂದು ನಾಲ್ಕು ಹೊಡೆದಳು. ಆಮೇಲೆ ಒಂದು, ಖಾಲಿ, ಇನ್ನೊಂದು, ಖಾಲಿ. ಕೊನೆಯ ಬಾಲಿಗೆ ಎಂಬತ್ತಾರು. ಎರಡು ಹೊಡೆದರೆ ಅವರದು. ಒಂದಾದರೆ ಸಮ, ಗಾಳಿ ಮಗ್ಗುಲು ಬದಲಿಸುತ್ತದೆ, ನನ್ನ ಮಗಳು ಮನೆಗೆ ಬರುತ್ತಾಳೆ. ಬ್ಯಾಟ್ ಹೊಂಬಾಳಕ್ಕನ ಕೈಯಲ್ಲಿತ್ತು. ಆಗ ಅವಳು ತಲೆಯೆತ್ತಿ, ಮೈದಾನದ ಉದ್ದಕ್ಕೂ, ನೇರ ನನ್ನನ್ನು ನೋಡಿದಳು. ನನ್ನ ಕಡೆಗೇ ಹೊಡೆಯುತ್ತಾಳೆಂದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಿದ್ದವಳು ಇನ್ನೆಲ್ಲಿಗೆ ಹೊಡೆಯುತ್ತಾಳೆ?

ಹೊಡೆದಳು. ಬಾಲು ನೆಲಕ್ಕೆ ತಾಗಿ ಕುಪ್ಪಳಿಸುತ್ತಾ ಹುಣಸೆಮರದ ಕಡೆಗೆ ಬಂತು. ನಾನು ಓಡಿ ಅದನ್ನು ಹಿಡಿಯುವಷ್ಟರಲ್ಲಿ ಇಬ್ಬರೂ ಮೊದಲ ರನ್ನು ಮುಗಿಸಿದ್ದರು. ಸಮ. ಶೈಲ ಪಂಕಜಕ್ಕನ ಕಡೆಯ ಗೆರೆಯಲ್ಲಿದ್ದಳು, ಹೊಂಬಾಳಕ್ಕ ಪ್ರೇಮಳ ಕಡೆ. ಹೊಂಬಾಳಕ್ಕ ನಿಲ್ಲಲಿಲ್ಲ. ಬ್ಯಾಟ್ ಊರಿದವಳೇ ತಿರುಗಿ ಎರಡನೆಯದಕ್ಕೆ ಓಡಿ ಬಂದಳು. ನಾನು ಕೈ ಎತ್ತಿದೆ.

"ಬೇಡಕ್ಕಾ!" ಶೈಲ ಕೂಗಿದಳು. "ದೇವೀರಕ್ಕನ ಕೈ! ಬೇಡ!"

"ಓಡೇ!" ಹೊಂಬಾಳಕ್ಕ ಅರ್ಧ ಪಿಚ್ಚಿನಲ್ಲಿದ್ದಳು. "ಓಡೇ ಶೈಲ, ಓಡು!"

ಶೈಲ ಕದಲಲಿಲ್ಲ. ಗೆರೆಯ ಹೊರಗಿನಿಂದ ರುಕ್ಮಿಣಮ್ಮನೂ ಅರಚುತ್ತಿದ್ದಳು: "ನಿಲ್ಲೇ! ಓಡ್ಬೇಡ, ಕೊಂದ್ಬಿಡ್ತಾಳೆ ಅವಳು!" ಇಡೀ ಮೂಡೋಣಿ ನಿಲ್ಲು ನಿಲ್ಲು ಎಂದು ಕೂಗುತ್ತಿತ್ತು. ನಾನು ಕೈ ಇಳಿಸಿ, ಬಾಲು ಹಿಡಿದುಕೊಂಡೇ ಪ್ರೇಮಳ ಕಡೆಯ ಸ್ಟಂಪಿಗೆ ಓಡಲು ಶುರು ಮಾಡಿದೆ. ಹತ್ತು ಹೆಜ್ಜೆ ಹೋಗಿರಬೇಕು, ಶೈಲ ಅನುಮಾನದಿಂದ ಗೆರೆ ಬಿಟ್ಟು ಈಚೆ ಬಂದಳು. ನಾನು ನಿಂತೆ, ಕೈ ಎತ್ತಿದೆ. ಅವಳು ಹಿಂದಕ್ಕೆ ಹಾರಿದಳು. ಮತ್ತೆ ಓಡಿದೆ. ಮತ್ತೆ ಅವಳು ಈಚೆ ಬಂದಳು, ಮತ್ತೆ ನಿಂತು ಎತ್ತಿದೆ. ಈ ಸಲ ಕೈ ಕಿವಿಯ ಮಟ್ಟಕ್ಕೂ ಏಳಲಿಲ್ಲ. ಆ ಹುಡುಗಿಗೆ ಅಷ್ಟೇ ಸಾಕಾಯಿತು.

ಹೊಂಬಾಳಕ್ಕ ಪಿಚ್ಚಿನ ನಡುವೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಆ ಕೈಯನ್ನು ಅಷ್ಟೆತ್ತರಕ್ಕೆ ಎತ್ತಿದರೆ ಎಷ್ಟು ನೋಯುತ್ತದೆಂದು ಬಲ್ಲವಳು ಮೈದಾನದಲ್ಲಿ ಅವಳೊಬ್ಬಳೇ. ಅವಳ ಬಾಯಿ ತೆರೆದುಕೊಂಡಿತು. 'ಆ ಕೈಯಲ್ಲಿ ಏನೂ ಇಲ್ಲ ಕಣೇ.' ಅಷ್ಟು ಹೇಳಿದ್ದರೆ ಸಾಕಿತ್ತು. ಶೈಲ ಓಡುತ್ತಿದ್ದಳು, ಮೂಡೋಣಿ ಗೆಲ್ಲುತ್ತಿತ್ತು, ತುಂಗಿ ಅವಳ ಮನೆಯಲ್ಲೇ ಉಣ್ಣುತ್ತಿತ್ತು. ಆ ಮಾತು ಅವಳ ನಾಲಿಗೆಯ ಮೇಲೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಬಾಯಿ ಮುಚ್ಚಿಕೊಂಡಳು. ಮತ್ತೆ ತೆರೆದಾಗ, "ಓಡೇ, ಓಡು ತಾಯಿ," ಎಂದಷ್ಟೇ ಕೂಗಿದಳು.

ಹದಿನೈದು ಹೆಜ್ಜೆ ದೂರದಿಂದ ನಾನು ಬಾಲನ್ನು ಎಡಗೈಯಿಂದ ಕೆಳಗೆ ಉರುಳಿಸಿದೆ. ಮಕ್ಕಳು ಗೋಲಿ ಉರುಳಿಸುವ ಹಾಗೆ ಹೋಯಿತು. ಪ್ರೇಮ ಅದನ್ನೆತ್ತಿ ಸ್ಟಂಪಿಗೆ ಕುಟ್ಟಿದಳು. ಅಂಪೈರಾಗಿದ್ದ ಭಟ್ಟಿಯ ಮೇಸ್ತ್ರಿ ಬೆರಳೆತ್ತಿದರು. ನಮ್ಮ ಓಣಿಯವರು ಹುಚ್ಚೆದ್ದು ಮೈದಾನಕ್ಕೆ ನುಗ್ಗಿದರು. ನಾನು ನಿಂತಲ್ಲೇ ಕುಸಿದು ಕೂತೆ. ಪಂಕಜಕ್ಕ ಓಡಿಬಂದು ಅಪ್ಪಿಕೊಳ್ಳಲು ಕೈ ಚಾಚಿ, ನನ್ನ ಬಲಭುಜ ಮುಟ್ಟದ ಹಾಗೆ ಎಡಗಡೆಯಿಂದ ಅಪ್ಪಿಕೊಂಡಳು. ಅವಳಿಗೆ ಯಾವಾಗ ತಿಳಿಯಿತೋ ನಾನು ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ನನ್ನ ಮಡಿಲಿಗೆ ಸುರಿದಳು. ಇಪ್ಪತ್ತಮೂರು ಬೀಜ ಇದ್ದವು.

ಗಾಳಿ ತಿರುಗುವ ಮುಂಚೆ ಮಕ್ಕಳು ದಾಟಬೇಕು. ಬಿಸಿಲು ಇಳಿಯುವ ಹೊತ್ತಿಗೆ ಭಟ್ಟಿಯ ರಸ್ತೆಯ ತುಂಬ ಮಕ್ಕಳು, ಗಂಟುಗಳು, ಅಳು. ನಮ್ಮವು ಈಚೆಗೆ ಬರುತ್ತಿದ್ದವು, ಅವರವು ಹೊರಡುತ್ತಿದ್ದವು. ಒಂಬತ್ತು ಭಟ್ಟಿಯ ಹೊಗೆಯೂ ಯಾವ ಕಡೆಗೂ ಬಾಗದೆ ನೆಟ್ಟಗೆ ಮೇಲಕ್ಕೇಳುತ್ತಿತ್ತು. ಹೊಂಬಾಳಕ್ಕ ತುಂಗಿಯ ಕೈ ಹಿಡಿದುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ನಮ್ಮ ಮುಂಬಾಗಿಲನ್ನು ಮೂರು ವರ್ಷದ ಮೇಲೆ ತೆರೆದಿದ್ದೆವು. ಲಿಂಗರಾಜು ಹೊಸಿಲಿನ ಮಸಿ ಉಜ್ಜುತ್ತಿದ್ದವರು ಎದ್ದು ದಾರಿ ಬಿಟ್ಟರು. ಗಂಟಿನ ಮೇಲೆ ಆ ಹಸಿರು ಅಂಚಿನ ಸೀರೆ ಮಡಿಸಿ ಇಟ್ಟಿತ್ತು.

"ಇದು ಇನ್ಮೇಲೆ ನಿನ್ನ ಬಾಗಿಲಲ್ಲಿ ಇರ್ಲಿ," ಎಂದಳು ಹೊಂಬಾಳಕ್ಕ. "ಸೋಮಾರ ಬರ್ತೀನಿ. ಉಟ್ಕೊಂಡು ಒಳಗೆ ಬರ್ಬೇಕಲ್ಲ."

ನಾನು ಸೀರೆ ಇಸಿದುಕೊಂಡೆ. ಮೂರು ವರ್ಷದ ಹೊಟ್ಟೆಯುರಿ ಎಲ್ಲಿ ಹೋಯಿತೋ, ನಾಚಿಕೆ ಮಾತ್ರ ಉಳಿಯಿತು. "ಅಕ್ಕ, ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ," ಎಂದೆ. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ?" ಎಂದಳು. ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು. "ಹೇಳಿದ್ರೆ ನಾಳೆ ಕೈಕಾಲು ಮುರ್ಕೊಂಡೋರು ಯಾವ ಧೈರ್ಯದ ಮೇಲೆ ನನ್ನ ಮನೆ ಬಾಗಿಲಿಗೆ ಬರ್ಬೇಕು ದೇವೀರಿ? ನಮ್ಮತ್ತೆ ನನಗೆ ಎಣ್ಣೆ ಮುಟ್ಟೋಕೂ ಮುಂಚೆ ಅದನ್ನ ಕಲಿಸಿದ್ಲು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರು ಕೊಡು ಇದಕ್ಕೆ. ತಣ್ಣೀರು ಕೊಟ್ರೆ ಎದೆ ಕಟ್ಟುತ್ತೆ. ಮಲಗೋವಾಗ ಎರಡು ದಿಂಬು ಬೇಕು." ತುಂಗಿಯ ಕೆನ್ನೆಯನ್ನೊಮ್ಮೆ ಹಿಂಡಿ, ತಿರುಗಿ ನೋಡದೆ ರಸ್ತೆ ದಾಟಿ ಹೋದಳು. ಅವಳು ಬಾಗಿಲು ಸೇರುವ ಮೊದಲೇ ಹೊಗೆ ಬಾಗಲು ಶುರುವಾಗಿತ್ತು. ನಿಧಾನಕ್ಕೆ, ಒಂಬತ್ತೂ ಒಟ್ಟಿಗೆ, ಮೂಡೋಣಿಯ ಸೂರುಗಳ ಮೇಲೆ. ಆಚೆ ಒಂದೊಂದೇ ಮುಂಬಾಗಿಲು ಮುಚ್ಚಿಕೊಂಡಿತು.

ತುಂಗಿ ಅಳಲಿಲ್ಲ. ಜಗಲಿಯ ಮೇಲೆ ನನ್ನ ಪಕ್ಕ ಕೂತು ಆ ಕಡೆಯೇ ನೋಡುತ್ತಿತ್ತು. ನಾನು ಸೀರೆಯನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕಲು ಹೋದೆ. ಅಭ್ಯಾಸಬಲದಿಂದ ಬಲಗೈ ಎತ್ತಿದೆ, ಸೊಂಟದಿಂದ ಮೇಲೆ ಏಳಲಿಲ್ಲ. "ಹಾ" ಎಂದು ಕೂತುಬಿಟ್ಟೆ. ತುಂಗಿ ಎದ್ದು ನನ್ನ ಹಿಂದೆ ಬಂದು ನಿಂತಿತು. ಭುಜದ ಹಿಂದೆ, ಅವತ್ತು ಹೊಂಬಾಳಕ್ಕ ಒತ್ತಿದ ಅದೇ ಜಾಗದ ಮೇಲೆ, ಹುಷಾರಾಗಿ ತನ್ನ ಪುಟ್ಟ ಹೆಬ್ಬೆರಳು ಇಟ್ಟಿತು.

"ಇಲ್ಲಿ ಹರಿದೈತಲ್ಲಾ?"

"ನಿಂಗೆ ಹೆಂಗೆ ಗೊತ್ತು ಮಗಾ?"

"ಅವತ್ತು ನೋಡ್ದೆ. ರುಕ್ಕಮ್ಮಜ್ಜಿ ಮಿಠಾಯಿ ಕೊಟ್ಟು, ನಿಮ್ಮಮ್ಮ ಕೈಗೆ ಎಣ್ಣೆ ಹಾಕಿಸ್ಕೊಳ್ಳೋಕೆ ಬರ್ತಿದ್ಳಾ ಅಂತ ಕೇಳ್ತು." ಮಗು ಹೆಬ್ಬೆರಳನ್ನು ಸುತ್ತ ತಿರುಗಿಸಿ ಮೆಲ್ಲಗೆ ತೀಡುತ್ತಿತ್ತು, ಬಲ್ಲವರು ತೀಡುವ ಹಾಗೆ. "ಇಲ್ಲ ಅಂದೆ. ನಮ್ಮನೆಗೆ ನೋವು ಅಂತ ಬಂದೋರ ಸುದ್ದಿ ಯಾರಿಗೂ ಹೇಳ್ಬಾರ್ದು. ಅಮ್ಮ ಹೇಳೈತೆ."

ನಾನು ಅದನ್ನು ಎಳೆದು ಎಡಗೈಯಿಂದ ಎದೆಗೆ ಒತ್ತಿಕೊಂಡೆ. ಲಂಗದಲ್ಲಿ ಹೊಂಬಾಳಕ್ಕನ ಎಣ್ಣೆಯ ವಾಸನೆ ಇತ್ತು. ನಾನು ಅಳುತ್ತಿದ್ದುದು ಅದಕ್ಕೆ ಅರ್ಥವಾಗಲಿಲ್ಲ, ಬಿಡಿಸಿಕೊಂಡಿತು. ಜಗಲಿಯ ಕಂಬ ಹಿಡಿದು ನಿಂತು, ಹೊಗೆ ಮುಚ್ಚುತ್ತಿದ್ದ ಆಚೆ ಓಣಿಯನ್ನು ನೋಡಿತು.

"ಸೋಮಾರ ಯಾವತ್ತು?" ಎಂದು ಕೇಳಿತು.

"ಇವತ್ತು ಮಂಗಳವಾರ ಮಗಾ."

ತುಂಗಿ ಬೆರಳು ಮಡಿಸಿ ಎಣಿಸಲು ಶುರು ಮಾಡಿತು. ಮೂರು ವರ್ಷ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಹಾಗೆಯೇ ಎಣಿಸಿದ್ದೇನೆ. ಒಂದು ಕೈ ಮುಗಿದು ಇನ್ನೊಂದು ಕೈಯ ಬೆರಳಿಗೆ ಬಂದಾಗ ಅದಕ್ಕೆ ಲೆಕ್ಕ ತಪ್ಪಿತು. ನಾನು ಪಕ್ಕದಲ್ಲಿ ಕೂತು ಮೊದಲಿನಿಂದ ಎಣಿಸಿಕೊಟ್ಟೆ.